ನೆಗ್ಗಿದ ತಂಬಿಗೆಯೂ ನೆಲದ ಆಮೆಯೂ

ನಮ್ಮ ಅಡುಗೆಮನೆಯಲ್ಲಿ ಒಂದು ತಾಮ್ರದ ತಂಬಿಗೆ ಇದೆ. ಅದರ ಹೊಟ್ಟೆಯ ಮೇಲೆ ಅಂಗೈಯಷ್ಟು ಅಗಲದ ಒಂದು ನೆಗ್ಗು. ಮೊನ್ನೆ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಲು ಮಾರತ್ತಹಳ್ಳಿಯ ಪಾತ್ರೆ ಅಂಗಡಿಗೆ ಹೊರಟಿದ್ದೆ. ನಮ್ಮವರು, "ಇದನ್ನೂ ತಗೊಂಡ್ ಹೋಗು, ಬಡದು ನೆಟ್ಟಗ ಮಾಡಿ ಕೊಡತಾರ" ಎಂದು ತಂಬಿಗೆಯನ್ನು ನನ್ನ ಚೀಲದೊಳಗೆ ತುರುಕಿದರು. ನಾನು ಅಷ್ಟೇ ಚುರುಕಾಗಿ ಹೊರಗೆ ತೆಗೆದು ಒಲೆಯ ಪಕ್ಕದಲ್ಲಿಟ್ಟೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಗಂಡಂದಿರು ಕಾರಣ ಕೇಳುವುದಿಲ್ಲ. ನೀವಾದರೂ ಕೇಳುತ್ತೀರಿ ಎಂಬ ನಂಬಿಕೆಯಿಂದ ಹೇಳುತ್ತೇನೆ.

ನಾನು ಗದಗಿನ ಕಡೆಯವಳು. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಕೈಗೆ ತಂಬಿಗೆ ಕೊಡಬೇಕು. ಯಾಕೆ ಬಂದಿರಿ, ಯಾರ ಪೈಕಿ ಎನ್ನುವುದೆಲ್ಲ ಆಮೇಲೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದರಲ್ಲಿ ಬಲು ಕಟ್ಟುನಿಟ್ಟು. ಬಳೆಗಾರನಿಗೆ ನೀರು, ಅಂಚೆಯವನಿಗೆ ನೀರು, ದಾರಿ ತಪ್ಪಿ ಬಂದು ಬೇರೆಯವರ ಮನೆ ಕೇಳಿದವನಿಗೂ ನೀರು. ಒಮ್ಮೆ ನಮ್ಮ ಎಮ್ಮೆ ಪಕ್ಕದ ಮನೆಯ ಅವರೆ ಬಳ್ಳಿಯನ್ನು ಬುಡಸಮೇತ ಮುಗಿಸಿತ್ತು. ಆ ಮನೆಯ ಬಸಪ್ಪಜ್ಜ ಪಂಚೆ ಎತ್ತಿ ಕಟ್ಟಿಕೊಂಡು ಜಗಳಕ್ಕೇ ಬಂದ. ಆಯಿ ಮಾತಾಡದೆ ತಂಬಿಗೆ ಚಾಚಿದಳು. ಅಜ್ಜ ಗಟಗಟ ಕುಡಿದ, ಮೀಸೆ ಒರೆಸಿಕೊಂಡ, "ಈ ಸಲ ಬ್ಯಾಸಗಿ ಭಾಳ ಆತವ್ವಾ" ಎಂದು ಹೊರಟೇಹೋದ. ತನ್ನ ಮನೆಯ ಹೊಸ್ತಿಲ ಮೇಲೆ ನಿಂತಾಗ ಜಗಳ ನೆನಪಾಗಿ ಮತ್ತೆ ತಿರುಗಿ ಬಂದ. ಆಯಿ ಎರಡನೆಯ ತಂಬಿಗೆ ತುಂಬಿದಳು.

ಇಂಥ ಮನೆಯಲ್ಲಿ ಬೆಳೆದವಳಿಗೆ ನೀರು ಕೊಡುವುದು ಕೈಗಂಟಿದ ಚಟವಾಗದೆ ಇನ್ನೇನಾದೀತು? ಎಂಟು ವರ್ಷದವಳಿದ್ದಾಗ ಬೇಲಿಯಿಂದ ಡಬ್ಬುಗಳ್ಳಿಯ ಒಂದು ಹಾಳೆ ಕಿತ್ತು, ಒಡೆದ ಗಡಿಗೆಯಲ್ಲಿ ನೆಟ್ಟು, ದಿನಕ್ಕೆ ನಾಲ್ಕು ಸಲ ನೀರು ಹಾಕಿದೆ. ಬೇಸಿಗೆಯಲ್ಲಿ ನಾವು ಅರ್ಧ ಮೈಲಿ ನಡೆದು ನೀರು ತರುತ್ತಿದ್ದ ಊರು ಅದು. ನನ್ನ ಪಾಲಿನ ಕುಡಿಯುವ ನೀರನ್ನೂ ಅದಕ್ಕೇ ಸುರಿದೆ. ಹತ್ತು ದಿನಕ್ಕೆ ಕಳ್ಳಿ ಕೊಳೆತು, ಲೋಳೆಯಾಗಿ, ಗಡಿಗೆಯ ಕಂಠದ ಮೇಲೆ ಮಲಗಿತು. ಅದು ನಾನು ಮಾಡಿದ ಮೊದಲ ಕೊಲೆ. ಆಯಿ ನನ್ನ ತಲೆ ಸವರಿ, "ಅದಕ್ಕ ಅಷ್ಟ್ ನೀರು ಯಾರ್ ಬೇಡಿದ್ರವಾ?" ಎಂದಳು. ನಾನು ಗಿಡಕ್ಕಾಗಿ ಅಳುವುದರಲ್ಲಿ ಮಗ್ನಳಾಗಿದ್ದೆ. ಆಯಿಯ ಮಾತು ಕಿವಿಯವರೆಗೆ ಬಂದು ವಾಪಸು ಹೋಯಿತು.

ಆಯಿ ಹೋದಳು, ತಂಬಿಗೆ ನನ್ನ ಪಾಲಿಗೆ ಬಂತು. ವೈಟ್‌ಫೀಲ್ಡ್ ದಾಟಿ ಸ್ವಲ್ಪ ಆಚೆಗಿರುವ ನಮ್ಮ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲೂ ನಾನು ಅದರ ಕೆಲಸ ನಿಲ್ಲಿಸಲಿಲ್ಲ. ಗ್ಯಾಸ್ ಸಿಲಿಂಡರಿನವರಿಗೆ ನೀರು, ಕೊರಿಯರಿನವರಿಗೆ ನೀರು. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ಈಗ ಅಳಿದುಹೋಗುತ್ತಿರುವ ಕಲೆ. ಇಂಟರ್‌ನೆಟ್ ರಿಪೇರಿಗೆ ಬಂದವರೊಬ್ಬರು ಪ್ರಯತ್ನಪಟ್ಟು, ಕೊರಳಲ್ಲಿದ್ದ ಐಡಿ ಕಾರ್ಡಿಗೆ ಅಭಿಷೇಕ ಮಾಡಿಕೊಂಡು, "ಮೇಡಂ, ಬಾಟಲ್ ಇಲ್ವಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು.

ಮನುಷ್ಯರಾದ ಮೇಲೆ ಗಿಡಗಳು. ಬಾಲ್ಕನಿ ತುಂಬ ಕುಂಡಗಳನ್ನಿಟ್ಟು, ಅದು ಸಾಲದೆ ಮೆಟ್ಟಿಲ ಮೇಲೂ ಇಟ್ಟೆ. ಕಡೆಗೆ ಜನ ಎಡವುವುದನ್ನು ನಿಲ್ಲಿಸಲಿಕ್ಕೋ ಏನೋ, ನನ್ನನ್ನು ನಮ್ಮ ಸಂಘದ ಹಸಿರು ಸಮಿತಿಗೆ ಮುಖ್ಯಸ್ಥೆಯನ್ನಾಗಿ ಮಾಡಿದರು. ಅಧಿಕಾರ ಕೈಗೆ ಬಂದ ಕೂಡಲೇ ನನ್ನ ಕಣ್ಣು ಬಿದ್ದದ್ದು ಕಟ್ಟಡದ ಹಿಂದಿನ ಜಾಗದ ಮೇಲೆ.

ಸುಮಾರು ಒಂದೂವರೆ ಎಕರೆ ಇಳಿಜಾರು. ಬಿಲ್ಡರು ನಕ್ಷೆಯಲ್ಲಿ ಪಾರ್ಕ್ ಎಂದು ಬರೆದು, ನೆಲದಲ್ಲಿ ಏನೂ ಮಾಡದೆ ನಮಗೆ ಒಪ್ಪಿಸಿ ಹೋಗಿದ್ದ. ನಡುವೆ ಒಂದು ಚಪ್ಪಟೆ ಬಂಡೆ, ಸುತ್ತ ಕೆಮ್ಮಣ್ಣು, ಮೊಣಕಾಲುದ್ದದ ಒಣಹುಲ್ಲು, ಅಲ್ಲಲ್ಲಿ ಮುಳ್ಳಿನ ಕಾರೆ, ಹಳದಿ ಹೂವಿನ ತಂಗಡಿ. ಅದರಾಚೆ ಐಟಿ ಪಾರ್ಕಿನ ಗಾಜಿನ ಗೋಡೆ. ನಾವೆಲ್ಲ ಅದನ್ನು 'ಖಾಲಿ ಜಾಗ' ಎಂದೇ ಕರೆಯುತ್ತಿದ್ದೆವು. ಆ ಒಣ ಬಣ್ಣವನ್ನು ನೋಡಿದಾಗಲೆಲ್ಲ ನನ್ನ ಕೈ ತಂಬಿಗೆಗಾಗಿ ತಡಕಾಡುತ್ತಿತ್ತು.

ಯೋಜನೆ ತಯಾರಾಯಿತು. ಜೂನಿನ ಮೊದಲ ಭಾನುವಾರ ಜೆಸಿಬಿ ತಂದು ಪೊದೆ ತೆಗೆದು ನೆಲ ಸಮ ಮಾಡುವುದು, ಗುಂಡಿ ತೋಡುವುದು, ಸಸಿ ನೆಡುವುದು, ಉಳಿದ ಕಡೆ ಹುಲ್ಲುಹಾಸು, ನಡುವೆ ಸಣ್ಣದೊಂದು ಕಾರಂಜಿ. ಹಸಿರು ಟೀ ಶರ್ಟ್ ಅಚ್ಚು ಹಾಕಿಸಿದೆವು. ಬೆನ್ನಿನ ಮೇಲೆ 'ಬರಡಿಗೆ ಹಸಿರು, ಬದುಕಿಗೆ ಉಸಿರು' ಎಂಬ ಘೋಷಣೆ. ಅದನ್ನು ರಚಿಸಿದ ಕವಯಿತ್ರಿ ಯಾರೆಂದು ನಿಮಗೆ ಗೊತ್ತಾಗಿರಬೇಕು. ಅದು ಹೊಳೆದ ದಿನ ನಾನು ಅನ್ನ ಸೀಯಿಸಿದ್ದೆ.

ಆ ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ ಬೆಳಿಗ್ಗೆ, ಗುಂಡಿ ಎಲ್ಲೆಲ್ಲಿ ಬರಬೇಕೆಂದು ಸುಣ್ಣದ ಪುಡಿಯಲ್ಲಿ ಗುರುತು ಹಾಕಲು ಹೋದೆ. ಅರ್ಧ ಜಾಗಕ್ಕೆ ಗುರುತು ಹಾಕಿ ಮುಗಿಸುವಷ್ಟರಲ್ಲಿ ಒಂದು ತಂಗಡಿ ಗಿಡದ ಬುಡದಲ್ಲಿ ಕಲ್ಲೊಂದು ಕಂಡಿತು. ಕಪ್ಪು ಕಲ್ಲು, ಅದರ ಮೇಲೆ ಹಳದಿ ಗೆರೆಗಳು. ಒಂದೊಂದು ಉಬ್ಬಿನ ನೆತ್ತಿಯಿಂದ ಗೆರೆಗಳು ನಕ್ಷತ್ರದ ಹಾಗೆ ಸುತ್ತಲೂ ಹರಡಿದ್ದವು. ಶ್ರಾವಣ ಸೋಮವಾರ ಆಯಿ ಹಾಕುತ್ತಿದ್ದ ರಂಗೋಲಿಯನ್ನು ಯಾರೋ ಕಲ್ಲಿಗೆ ಅಂಟಿಸಿದಂತಿತ್ತು. ಬಗ್ಗಿ ನೋಡಿದೆ. ಕಲ್ಲು ಉಸ್ ಎಂದು ತಲೆ ಒಳಗೆಳೆದುಕೊಂಡಿತು.

ಆಮೆ! ಈ ಒಣ ನೆಲದಲ್ಲಿ, ಈ ಬಿಸಿಲಲ್ಲಿ! ಪಾಪ, ಯಾವುದೋ ಕೆರೆಯಿಂದ ದಾರಿ ತಪ್ಪಿ ಬಂದು ನೀರಿಲ್ಲದೆ ಸಾಯುತ್ತಿದೆ ಎಂದು ನನ್ನ ಕರುಳು ಚುರುಕ್ ಎಂದಿತು. ಸುಣ್ಣದ ಡಬ್ಬಿ ಅಲ್ಲೇ ಬಿಟ್ಟು, ಆಮೆಯನ್ನು ಸೆರಗಿನಲ್ಲಿ ಸುತ್ತಿ, ಲಿಫ್ಟಿನಲ್ಲಿ ಆರನೆಯ ಮಹಡಿಗೆ ತಂದೆ. ಬಾಲ್ಕನಿಯಲ್ಲಿ ಬಟ್ಟೆ ನೆನೆಸುವ ಕೆಂಪು ಪ್ಲಾಸ್ಟಿಕ್ ಟಬ್ ಇತ್ತು. ಅದರಲ್ಲಿ ಆಮೆಯನ್ನಿಟ್ಟು ಆಯಿಯ ತಂಬಿಗೆಯಿಂದ ನೀರು ಸುರಿದೆ. ಒಂದು ತಂಬಿಗೆ, ಎರಡು, ಹತ್ತು.

"ಇನ್ನೊಂದೀಟು ಹಾಕು," ಎಂದರು ನಮ್ಮವರು. ಇಪ್ಪತ್ತು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ನೋಡಿಕೊಂಡವರು, ಯಾವುದನ್ನಾದರೂ ಅರ್ಧಂಬರ್ಧ ಮಾಡಿದರೆ ಅವರಿಗೆ ಆಗದು. "ಆಮಿ ಅಂದ್ರ ಮುಳುಗಬೇಕಲ್ಲ."

ಟಬ್ ತುಂಬಿತು. ಆಮೆ ತಳಕ್ಕೆ ಹೋಗಿ ನಾಲ್ಕೂ ಕಾಲು ಪಟಪಟನೆ ಬಡಿಯತೊಡಗಿತು. "ನೋಡ್ರೀ, ಎಷ್ಟ್ ಖುಷಿ ಆಗೇತಿ ಅದಕ್ಕ!" ಎಂದೆ ನಾನು. ವಿಡಿಯೋ ಮಾಡಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಂಪು ಹೃದಯಗಳು, ಮುಗಿದ ಕೈಗಳು ಬರತೊಡಗಿದವು. ಯಾರೋ 'ಪುಣ್ಯದ ಕೆಲಸ ಮೇಡಂ' ಎಂದು ಬರೆದರು. ನಾನು ಆ ಮೆಸೇಜನ್ನು ಎರಡು ಸಲ ಓದಿದೆ.

ಅಷ್ಟರಲ್ಲಿ ಪಿಳ್ಳಮ್ಮ ಬಂದಳು. ಪಿಳ್ಳಮ್ಮ ಇದೇ ಊರಿನವಳು. ನಮ್ಮ ಅಪಾರ್ಟ್‌ಮೆಂಟ್ ಏಳುವ ಮೊದಲಿನಿಂದಲೂ, ಅವಳ ಅತ್ತೆಯ ಕಾಲದಿಂದಲೂ, ಅವರ ಮನೆ ಪಕ್ಕದ ಓಣಿಯಲ್ಲಿದೆ. ಮಗ ಕ್ಯಾಬ್ ಓಡಿಸುತ್ತಾನೆ, ಇವಳು ಮನೆಮನೆಗೆ ಸೊಪ್ಪು ಕೊಡುತ್ತಾಳೆ. ಅಂದು ದಂಟು ಸೊಪ್ಪಿನ ಕಟ್ಟು ಹಿಡಿದು ಬಂದವಳು ಬಾಲ್ಕನಿಯತ್ತ ಕಣ್ಣು ಹಾಯಿಸಿದಳು. ಕಟ್ಟು ಕೈಯಿಂದ ಬಿತ್ತು.

"ಅಯ್ಯೋ, ಸಾಯ್ತಾ ಐತೆ ಕಣಮ್ಮೋ!"

ಚಪ್ಪಲಿ ಸಮೇತ ಒಳಗೆ ನುಗ್ಗಿದಳು. ಟಬ್ಬಿನೊಳಗೆ ಮೊಣಕೈವರೆಗೆ ಕೈ ಹಾಕಿದಳು. ಅಂಚಿನ ಮೇಲಿದ್ದ ತಂಬಿಗೆಗೆ ಅವಳ ತೋಳು ತಗುಲಿ, ಅದು ಹಾರಿ ಬಾಲ್ಕನಿಯ ಕಬ್ಬಿಣದ ಕಂಬಿಗೆ ಢಣ್ ಎಂದು ಬಡಿದು ನೆಗ್ಗಿತು. ಪಿಳ್ಳಮ್ಮ ಆಮೆಯನ್ನು ತಲೆಕೆಳಗು ಹಿಡಿದು, ಮುಂಗಾಲುಗಳನ್ನು ಮೆಲ್ಲಗೆ ಹೊರಗೆಳೆದಳು. ಬಾಯಿಂದ, ಮೂಗಿನಿಂದ ನೀರು ತೊಟ್ಟಿಕ್ಕಿತು.

"ಇದು ನೆಲದಾಮೆ ಕಣಮ್ಮ. ಈಜಕ್ಕೆ ಬರಾಕಿಲ್ಲ ಇದುಕ್ಕೆ. ಓದಿರೋರು ನೀವು, ಇಂಗೆ ಮಾಡದಾ?"

ಆಮೆಯ ಕತ್ತು ಜೋತುಬಿದ್ದಿತ್ತು, ಕಣ್ಣು ಮುಚ್ಚಿತ್ತು. ನೆಲದ ಮೇಲೆ ಹಳೆಯ ಸೀರೆ ಹಾಸಿ ಮಲಗಿಸಿದೆವು. ಪಿಳ್ಳಮ್ಮ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು, ನಾನೂ ಕೂತೆ. ನಮ್ಮವರು ಅರಣ್ಯ ಇಲಾಖೆಗೆ ಫೋನ್ ಹಚ್ಚಿದರು. ಗುಂಪಿನಲ್ಲಿ ಹೃದಯಗಳು ಇನ್ನೂ ಬರುತ್ತಲೇ ಇದ್ದವು, ಒಂದೊಂದು ಬಂದಾಗಲೂ ಫೋನು ಟಿಣ್ ಎನ್ನುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಐವತ್ತೆರಡರ ಹೆಂಗಸು ಬಾಲ್ಕನಿಯಲ್ಲಿ ಕೂತು ಆಮೆಗಾಗಿ ಅಳುವುದನ್ನು ಎದುರು ಬ್ಲಾಕಿನವರು ನೋಡಿದರೂ ನೋಡಲಿ ಎನ್ನಿಸಿತು. ಗಡಿಗೆಯ ಕಂಠದ ಮೇಲೆ ಮಲಗಿದ ಕಳ್ಳಿ ಕಣ್ಣ ಮುಂದೆ ಬಂತು.

ಬಹಳ ಹೊತ್ತಾದ ಮೇಲೆ ಅದರ ಹಿಂಗಾಲಿನ ಒಂದು ಉಗುರು ಸೀರೆಯ ಎಳೆಗೆ ಸಿಕ್ಕಿ ಅಲುಗಿತು. ಆಮೇಲೆ ಒಂದು ಕಣ್ಣು ತೆರೆಯಿತು. ಆ ಕಣ್ಣು ನನ್ನನ್ನು ನೋಡಿದ ರೀತಿಯಲ್ಲಿ ಕೃತಜ್ಞತೆ ಎಳ್ಳಷ್ಟೂ ಇರಲಿಲ್ಲ. ಪಿಳ್ಳಮ್ಮ ಸೆರಗಿನಿಂದ ಬೆವರು ಒರೆಸಿಕೊಂಡು, "ಗಟ್ಟಿ ಜೀವ," ಎಂದಳು.

ಮಧ್ಯಾಹ್ನ ಇಲಾಖೆಯ ಸಿಬ್ಬಂದಿಯೊಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ನಾನು ಅಭ್ಯಾಸಬಲದಿಂದ ಅವರಿಗೆ ತಂಬಿಗೆ ಕೊಟ್ಟೆ. ಅವರು ಉತ್ತರ ಕರ್ನಾಟಕದವರಲ್ಲದಿದ್ದರೂ ಚೆನ್ನಾಗಿ ಎತ್ತಿ ಕುಡಿದರು. "ನಕ್ಷತ್ರ ಆಮೆ ಮೇಡಂ ಇದು. ಅದೃಷ್ಟ ಬರುತ್ತೆ ಅಂತ ಕದ್ದು ಹಿಡಿದು ಮಾರ್ತಾರೆ. ಇರೋ ಪೊದೆ, ಕುರುಚಲು ಎಲ್ಲಾ ಲೇಔಟ್ ಆಗ್ತಿದೆ. ಹಾಗಾಗಿ ಕಮ್ಮಿ ಆಗ್ತಾ ಬಂದಿದೆ. ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ಕಾನೂನಿದೆ" ಎಂದರು. ನಾನು ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಬೈಯಲಿಲ್ಲ. ಎಲ್ಲಿ ಸಿಕ್ಕಿತೆಂದು ಕೇಳಿ, ಬಾಲ್ಕನಿಯಿಂದಲೇ ಇಣುಕಿ ಜಾಗ ನೋಡಿದರು.

"ಡಾಕ್ಟರಿಗೆ ತೋರಿಸ್ತೀವಿ. ಒಂದು ವಾರ ನೋಡಿ, ಹುಷಾರಾದ್ರೆ ಸಿಕ್ಕಿದ ಜಾಗದಲ್ಲೇ ಬಿಡ್ತೀವಿ. ಒಳ್ಳೇ ಜಾಗ ಇದೆ. ಒಂದೇ ಇರಲ್ಲ, ಇನ್ನೂ ಇರ್ತವೆ ಅಲ್ಲಿ." ಪೆಟ್ಟಿಗೆ ಮುಚ್ಚುತ್ತ ಕೇಳಿದರು, "ಈ ಜಾಗ ಹೀಗೇ ಇರುತ್ತಲ್ವಾ ಮೇಡಂ?"

ಆಗ ನಾನು ಕೆಳಗೆ ನೋಡಿದೆ. ನಾನೇ ಹಾಕಿದ ಸುಣ್ಣದ ಗುರುತುಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಭಾನುವಾರ ಬೆಳಿಗ್ಗೆ ಜೆಸಿಬಿ ಬರುವುದಿತ್ತು.

ಟಬ್ಬಿನಲ್ಲಿ ಒಂದನ್ನು ಮುಳುಗಿಸಿದ್ದಕ್ಕೇ ಅಷ್ಟು ಅತ್ತವಳು, ಅದರ ಇಡೀ ಮನೆಯನ್ನು ನೆಲಸಮ ಮಾಡಲು ಟೀ ಶರ್ಟ್ ಅಚ್ಚು ಹಾಕಿಸಿ ಕೂತಿದ್ದೆ.

ಶನಿವಾರ ಸಂಜೆ ಕ್ಲಬ್‌ಹೌಸಿನಲ್ಲಿ ಸಭೆ ಕರೆಸಿದೆ. ನಮ್ಮ ಅಧ್ಯಕ್ಷರು ಶ್ರೀನಿವಾಸ್ ಸಾರ್, ಒಳ್ಳೆಯವರು, ಆದರೆ ಒಮ್ಮೆ ನಿಗದಿಯಾದ ಕೆಲಸ ತಪ್ಪಿದರೆ ಅವರ ಬಿಪಿ ಏರುತ್ತದೆ. "ಮೇಡಂ, ಜೆಸಿಬಿ ಬುಕ್ ಆಗಿದೆ, ಸಸಿ ಬಂದಿದೆ, ಟೀ ಶರ್ಟ್ ರೆಡಿ. ಸ್ಲೋಗನ್ ನಿಮ್ದೇ. ಬರಡು ಅಂತ ಹೇಳಿದ್ದೂ ನೀವೇ. ಈಗ ನೀವೇ ಬೇಡ ಅಂದ್ರೆ ಹೆಂಗ್ರೀ?"

ಹಿಂದಿನ ಸಾಲಿನಿಂದ ಯಾರೋ, "ಮರ ನೆಡೋದು ತಪ್ಪಾ ಮೇಡಂ?" ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ಇದ್ದವಳನ್ನು ಕರೆದುಕೊಂಡು ಬಂದಿದ್ದೆ. ಪಿಳ್ಳಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅದೇ ನೆಲದಲ್ಲಿ ಅವಳು ಕುರಿ ಮೇಯಿಸಿದ್ದಳಂತೆ, ಕ್ಲಬ್‌ಹೌಸಿನ ಒಳಗೆ ಕಾಲಿಟ್ಟದ್ದು ಅಂದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತಳು. ನಾನು ತಂಬಿಗೆ ಕೊಟ್ಟೆ. ಕುಡಿದು ಗಂಟಲು ಸರಿಮಾಡಿಕೊಂಡಳು.

"ಖಾಲಿ ಜಾಗ ಅಂತ ಯಾರಮ್ಮ ಏಳಿದ್ದು? ಬಂಡೆ ಸಂದಿನಾಗೆ ಓತಿಕ್ಯಾತ ಐತೆ, ಉಲ್ಲಿನಾಗೆ ಗೌಜಲಕ್ಕಿ ಮೊಟ್ಟೆ ಇಕ್ತದೆ, ಮೊಲ ಐತೆ. ಕಾರೆ ಅಣ್ಣು ತಿನ್ನಕ್ಕೆ ಬರೋ ಅಕ್ಕಿ ಎಷ್ಟು ಬೇಕು! ಮಳೆ ಬಿದ್ಮ್ಯಾಕೆ ನಾನು ನಿಮಗೆ ಅಣ್ಣೆ ಸೊಪ್ಪು ತಂದ್ಕೊಡ್ತೀನಲ್ಲ, ಅದೆಲ್ಲಿಂದ ಅಂದ್ಕೊಂಡ್ರಿ?"

ಎಂಟು ವರ್ಷಗಳಿಂದ ನಾವೆಲ್ಲ ಖಾಲಿ ಜಾಗದ ಸಾರು ಉಣ್ಣುತ್ತಿದ್ದೆವು.

"ಮರ ನೆಡಬ್ಯಾಡಿ ಅಂದೋರ್ಯಾರು ಸಾಮಿ? ಕಾಂಪೌಂಡ್ ಪಕ್ಕ ನೆಡಿ, ರೋಡಿಗ್ ನೆಡಿ, ನೆರಳಾಯ್ತದೆ. ಅಲ್ಲಿ ಕಿತ್ತಾಕಿ, ನೆಟ್ಟು, ದಿನಾ ನೀರ್ ಬಿಟ್ರೆ ತಂಗಡಿ ಕೊಳ್ತೋಯ್ತದೆ, ಉಲ್ಲು ಓಯ್ತದೆ. ಆಮ್ಯಾಕೆ ಆಮೆ ಎಲ್ಲಿಗ್ ಓಗ್ಬೇಕು? ನಿಮ್ ಲಿಫ್ಟಾಗೆ ಬಂದು ಕೂತ್ಕಬೇಕಾ?"

ಮೊದಲು ನಕ್ಕವರು ಶ್ರೀನಿವಾಸ್ ಸಾರ್. ಆದರೂ ಒಂದು ಗಂಟೆ ಚರ್ಚೆ ನಡೆಯಿತು. ಕಾರಂಜಿಯ ಕನಸು ಕಂಡಿದ್ದ ಇಬ್ಬರು ಮುನಿಸಿಕೊಂಡು ಎದ್ದು ಹೋದರು, ಅವರಲ್ಲೊಬ್ಬರು ಇಂದಿಗೂ ನನ್ನ ನಮಸ್ಕಾರಕ್ಕೆ ಅರ್ಧ ತಲೆಯನ್ನೇ ಆಡಿಸುತ್ತಾರೆ. ಕಡೆಗೆ ಅಧ್ಯಕ್ಷರು ನಿಟ್ಟುಸಿರು ಬಿಟ್ಟು, "ಜೆಸಿಬಿ ಕ್ಯಾನ್ಸಲ್ ಮಾಡ್ತೀನಿ. ಆದ್ರೆ ಟೀ ಶರ್ಟ್ ಮಾತ್ರ ಎಲ್ಲರೂ ಹಾಕ್ಕೊಳ್ಳಲೇಬೇಕು" ಎಂದರು.

ಹಾಗಾಗಿ ಭಾನುವಾರ ಬೆಳಿಗ್ಗೆ 'ಬರಡಿಗೆ ಹಸಿರು' ಎಂದು ಬೆನ್ನ ಮೇಲೆ ಬರೆದುಕೊಂಡ ಮೂವತ್ತು ಜನ ಆ ಬರಡನ್ನು ಇದ್ದಂತೆಯೇ ಉಳಿಸಲು ಹೊರಟೆವು. ಮೊದಲು ಸಸಿಗಳನ್ನು ಕಾಂಪೌಂಡಿನುದ್ದಕ್ಕೂ ನೆಟ್ಟೆವು. ಆಮೇಲೆ ಇಳಿಜಾರಿಗೆ ಇಳಿದು, ಬಿಲ್ಡರು ಬಿಟ್ಟುಹೋದ ಒಡೆದ ಟೈಲ್ಸು, ಸಿಮೆಂಟ್ ಚೀಲ, ಬಾಟಲಿ, ಪ್ಲಾಸ್ಟಿಕ್ಕು ಎಲ್ಲ ಆರಿಸಿದೆವು. ಪಿಳ್ಳಮ್ಮ ಬಂಡೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಹುಕುಂ ಕೊಡುತ್ತಿದ್ದಳು. ನೂರಾರು ಜನರ ಟೀಮ್ ನಡೆಸುವ ಮ್ಯಾನೇಜರುಗಳು ಕೈಯಲ್ಲೊಂದು ಕಡ್ಡಿ ಹಿಡಿದು, "ಅಕ್ಕ, ಇದು ಕೀಳೋದಾ, ಬಿಡೋದಾ?" ಎಂದು ಅವಳ ಮುಂದೆ ಸಾಲು ನಿಂತಿದ್ದರು. ಹೊರಗಿನಿಂದ ಬಂದು ಹಬ್ಬಿರುವ ಲಂಟಾನ ಕೀಳಬೇಕು, ತಂಗಡಿ, ಕಾರೆ ಬಿಡಬೇಕು, ಒಣಹುಲ್ಲು ಮುಟ್ಟಬಾರದು. ನಾನು ಉತ್ಸಾಹದಲ್ಲಿ ಎರಡು ತಂಗಡಿ ಕಿತ್ತೆ. "ನೀನು ಈ ಕಡಿಕ್ ಬಾ ತಾಯಿ, ಬರೀ ಚೀಲ ಇಡ್ಕೊ" ಎಂದು ಹಸಿರು ಸಮಿತಿಯ ಮುಖ್ಯಸ್ಥೆಗೆ ಬಡ್ತಿ ಕೊಟ್ಟಳು.

ಹತ್ತು ದಿನದ ಮೇಲೆ ಇಲಾಖೆಯವರು ಪೆಟ್ಟಿಗೆ ವಾಪಸು ತಂದರು. ನಾವೆಲ್ಲ ದೂರದಲ್ಲಿ ಅರ್ಧವೃತ್ತವಾಗಿ ನಿಂತೆವು. ಅವರು ಆಮೆಯನ್ನು ಅದೇ ತಂಗಡಿಯ ಬುಡದಲ್ಲಿಟ್ಟರು. ಅದು ಸ್ವಲ್ಪ ಹೊತ್ತು ಕಲ್ಲಾಗಿ ಕೂತಿತು. ಆಮೇಲೆ ತಲೆ ಹೊರಹಾಕಿತು. ನನ್ನ ಪಕ್ಕದಲ್ಲಿದ್ದ ಪಿಳ್ಳಮ್ಮ ಇದ್ದಕ್ಕಿದ್ದಂತೆ ನನ್ನ ಕೈ ನೋಡಿ, "ಅದ್ನ ಕೆಳಗಿಕ್ಕು ತಾಯಿ," ಎಂದಳು. ನಾನೂ ನೋಡಿಕೊಂಡೆ. ಮನೆಯಿಂದ ಹೊರಡುವಾಗ ತಂಬಿಗೆ ತುಂಬಿ ತಂದಿದ್ದೆ. ದೇವರಾಣೆಗೂ ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ನಗತೊಡಗಿದರು, ನಮ್ಮವರಂತೂ ಬಂಡೆ ಹಿಡಿದುಕೊಂಡು ನಕ್ಕರು. ಆ ಗದ್ದಲದಲ್ಲಿ ಆಮೆ ಯಾವಾಗ ಹುಲ್ಲಿನೊಳಗೆ ಹೋಯಿತೋ ಯಾರೂ ನೋಡಲಿಲ್ಲ.

ಅದಾಗಿ ಒಂದು ವಾರಕ್ಕೆ ಮಳೆ ಬಂತು. ಮರುದಿನ ಬೆಳಿಗ್ಗೆ ಕಾಂಪೌಂಡಿನ ಅಂಚಿನಲ್ಲಿ ನಿಂತು ನೋಡುತ್ತಿದ್ದೆ, ಒಳಗೆ ಕಾಲಿಡಲಿಲ್ಲ. ಚಪ್ಪಟೆ ಬಂಡೆಯ ಮೇಲೆ ಒಂದು ಸಣ್ಣ ತಗ್ಗು ಇದೆ. ನಾನು ಅದರ ಮೇಲೆ ಎಷ್ಟೋ ಸಲ ಕಾಲಿಟ್ಟು ದಾಟಿದ್ದೇನೆ. ಅದರಲ್ಲಿ ಮಳೆನೀರು ನಿಂತಿತ್ತು, ಬೆರಳು ಅದ್ದಿದರೆ ಉಗುರು ಮುಳುಗುವಷ್ಟು. ರಂಗೋಲಿ ಬೆನ್ನಿನ ಆಮೆಯೊಂದು ಅದರ ಅಂಚಿನಲ್ಲಿ ಕುತ್ತಿಗೆ ಚಾಚಿ, ಮೂತಿ ಇಳಿಬಿಟ್ಟು, ಯಾವ ಅವಸರವೂ ಇಲ್ಲದೆ ಕುಡಿಯುತ್ತಿತ್ತು. ಅದರ ಹಿಂದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಇನ್ನೊಂದು, ತನ್ನ ಸರದಿಗೆ ಕಾಯುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ನಿಂತು ಇನ್ನೊಮ್ಮೆ ಅತ್ತೆ.

ಮನೆಗೆ ಬಂದು ತಂಬಿಗೆ ತೊಳೆದು ಬಾಲ್ಕನಿಯ ಕಟ್ಟೆಯ ಮೇಲೆ ಅಡ್ಡ ಮಲಗಿಸಿ ಒಣಗಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ನೋಡಿದರೆ ಮೈಮೇಲಿನ ನೀರೆಲ್ಲ ಜಾರಿಹೋಗಿ, ನೆಗ್ಗಿನಲ್ಲಿ ಮಾತ್ರ ಎರಡು ಚಮಚದಷ್ಟು ನಿಂತಿತ್ತು. ಬೆರಳು ಅದ್ದಿದೆ. ಉಗುರು ಮುಳುಗಿತು.

ಅಂದು ಆಮೆಗೆ ಬೇಕಾಗಿದ್ದದ್ದು ಇಷ್ಟೇ ನೀರು. ಅದಕ್ಕೇ ಮಾರತ್ತಹಳ್ಳಿಗೆ ನಾನು ಕುಕ್ಕರ್ ಒಂದನ್ನೇ ತೆಗೆದುಕೊಂಡು ಹೋದೆ.